ಮಾವನವರ ಕನ್ನಡಕವನ್ನೂ ಅದರಲ್ಲಿ ಕಂಡ ಬೆಳಕಿನ ಕಂಬವನ್ನೂ ಕುರಿತ ಅರಿಕೆ

ಇದನ್ನು ಓದುವ ಮಹನೀಯರ ಸನ್ನಿಧಾನಕ್ಕೆ, ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸೊಸೆಯಾಗಿ ಬಂದು ಈಗ ಅಜ್ಜಿಯಾಗಿರುವ ನಾನು ವಿನಯಪೂರ್ವಕವಾಗಿ ಮಾಡಿಕೊಳ್ಳುವ ಅರಿಕೆ ಏನೆಂದರೆ:

ವಿಷಯಕ್ಕೆ ಬರುವ ಮುನ್ನ ಕ್ಷಮೆ ಕೇಳಿಕೊಳ್ಳುವುದು ಜರೂರಾಗಿದೆ. ನನ್ನ ಅಕ್ಷರ ಕೋಳಿ ಕೆದರಿದ ತಿಪ್ಪೆಯಂತಿದೆ. ಒತ್ತಕ್ಷರಗಳು ಇರಬೇಕಾದ ಸ್ಥಳದಲ್ಲಿ ಗೈರುಹಾಜರಾಗಿ, ಕರೆಯದ ಕಡೆ ಬಂದು ಕುಳಿತಿರಬಹುದು. ಇದಕ್ಕೆ ನನ್ನ ಸಮಜಾಯಿಷಿ ಇಷ್ಟೇ. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನನ್ನ ಯಜಮಾನರು ಹೊಳಲ್ಕೆರೆಯ ತಾಲ್ಲೂಕು ಕಛೇರಿಯಲ್ಲಿ ಗುಮಾಸ್ತರಾಗಿದ್ದರು. ದುರ್ಗದ ಜಿಲ್ಲಾ ಕಛೇರಿಗೆ ಹೋಗಬೇಕಾದ ಕಾಗದಗಳನ್ನು ಮನೆಗೆ ತಂದು, ಶುದ್ಧಪ್ರತಿ ತೆಗೆದು, ಬೇಡವಾದ ಕರಡನ್ನು ಒಲೆ ಹೊತ್ತಿಸಲು ನನಗೆ ಕೊಡುತ್ತಿದ್ದರು. ಒಲೆಗೆ ಒಪ್ಪಿಸುವ ಮುನ್ನ ಅದರ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು ಓದುವುದನ್ನು ಕಲಿತೆ. ಆದಕಾರಣ ನನಗೆ ಒದಗಿರುವ ಬರವಣಿಗೆ ಒಂದೇ ಬಗೆಯದು. ಕೆರೆಯ ಏರಿ ಒಡೆದದ್ದನ್ನು ಯಾವ ಮಾತಿನಲ್ಲಿ ಮೇಲಿನವರಿಗೆ ತಿಳಿಸುತ್ತಾರೆಯೋ, ಅದೇ ಮಾತಿನಲ್ಲಿ ಮನೆಯ ಸಂಗತಿಯನ್ನೂ ತಿಳಿಸಬಲ್ಲೆ. ಬೇರೆ ಬಗೆಯ ಮಾತು ಬಲ್ಲವರು ಓದಿ ನಕ್ಕರೆ ನನ್ನದೇನೂ ಆಕ್ಷೇಪಣೆ ಇಲ್ಲ.

ನಾನು ದಿನವೂ ಬೆಳಿಗ್ಗೆ ನನ್ನ ಕನ್ನಡಕವನ್ನು ನೀರಿನಲ್ಲಿ ತೊಳೆಯುತ್ತೇನೆ. ಈಗಿನ ಕಾಲದ ನನ್ನ ಸೊಸೆ ಅದನ್ನು ಕಂಡು, "ಅತ್ತೆ, ದೇವರಿಗೆ ಸ್ನಾನ ಆಗೋಕೂ ಮುಂಚೆ ಕನ್ನಡಕಕ್ಕೆ ಸ್ನಾನ ಆಗ್ತದಲ್ಲ!" ಎಂದು ಆಡಿಕೊಳ್ಳುತ್ತಾಳೆ. ಅವಳಿಗೆ ಬಾಯಿಮಾತಿನಲ್ಲಿ ಎಷ್ಟು ಸಲ ಹೇಳಿದರೂ ನಂಬದೆ ಇರುವುದರಿಂದ, ಬರಹದ ಮೂಲಕ ಉತ್ತರ ಕೊಡಬೇಕಾಗಿ ಬಂದಿದೆ.

ನಾನು ಹಿರಿಯೂರಿನ ಕಡೆ, ಬಬ್ಬೂರಿನ ಹತ್ತಿರ ಹುಟ್ಟಿದವಳು. ಮದುವೆಯಾಗಿ ಈ ಮನೆಗೆ ಬಂದಾಗ ಇಲ್ಲಿ ನಾವು ನಾಲ್ವರು. ಊರಿನ ಪಟೇಲಿಕೆ ನಡೆಸುತ್ತಿದ್ದ ಮಾವನವರು, ಅವರನ್ನು ನಡೆಸುತ್ತಿದ್ದ ಅತ್ತೆಯವರು, ವಾರಕ್ಕೊಮ್ಮೆ ಹೊಳಲ್ಕೆರೆಯಿಂದ ಬಂದು ಹೋಗುತ್ತಿದ್ದ ಯಜಮಾನರು, ಮತ್ತು ನಾನು. ತರುವಾಯ ತೊಟ್ಟಿಲಿಗೆ ಒಂದು ಮಗು ಬಂತು. ಎದುರು ಮನೆಯಲ್ಲಿ ಮಾವನವರ ದಾಯಾದಿ ತಮ್ಮ ಇದ್ದರು. ಅವರನ್ನು ಮುಂದೆ ಚಿಕ್ಕಮಾವ ಎಂದು ನಮೂದಿಸುತ್ತೇನೆ.

ಮಾವನವರು ಸಂಜೆ ದೀಪ ಹಚ್ಚಿದ ಮೇಲೆ ಪಡಸಾಲೆಯಲ್ಲಿ ಕುಳಿತು, ಪೀಠದ ಮೇಲೆ ಪುಸ್ತಕವಿಟ್ಟು ಶಿವಪುರಾಣದ ಕಥೆಗಳನ್ನು ಓದುತ್ತಿದ್ದರು. ಊರಿನ ಕೆಲವರು ಬಂದು ಕೇಳುತ್ತಿದ್ದರು. ವಯಸ್ಸಾದಂತೆ ಅಕ್ಷರ ಮಸುಕಾಗಿ, ಅವರು ಪುಸ್ತಕವನ್ನು ಪೀಠದಿಂದ ಎತ್ತಿ ದೂರ ದೂರ ಹಿಡಿಯತೊಡಗಿದರು. ಅತ್ತೆಯವರು ಅಡಿಗೆಮನೆಯ ಬಾಗಿಲಿನಿಂದ, "ನಿಮ್ಮ ಕಣ್ಣಿಗೇನೂ ಆಗಿಲ್ರಿ. ಕೈ ಇನ್ನೊಂದು ಮೊಳ ಉದ್ದ ಇದ್ದಿದ್ರೆ ಸರಿಹೋಗ್ತಿತ್ತು" ಎಂದು ಷರಾ ಬರೆದರು. ಅದರ ಮೇಲೆ ಯಜಮಾನರು ಮಾವನವರನ್ನು ಚಿಕ್ಕಜಾಜೂರಿಗೆ ಕರೆದುಕೊಂಡು ಹೋದರು. ಆಗ ದುರ್ಗಕ್ಕೆ ರೈಲು ಬಂದಿರಲಿಲ್ಲ, ಚಿಕ್ಕಜಾಜೂರಿಗೆ ಬಂದಿತ್ತು. ರೈಲಿನಲ್ಲಿ ಊರೂರು ತಿರುಗಿ ಕನ್ನಡಕ ಮಾರುವವರೊಬ್ಬರು ನಿಲ್ದಾಣದ ಹೊರಗೆ ಮರದ ಪೆಟ್ಟಿಗೆ ತೆರೆದು ಕುಳಿತಿದ್ದರು. ಮಾವನವರು ಕೊಂಬಿನ ಚೌಕಟ್ಟಿನದು ಪೂಜೆಗೆ ಬಾರದೆಂದು ತಳ್ಳಿ, ತಂತಿಯ ಚೌಕಟ್ಟಿನದನ್ನು ಆರಿಸಿದರು. ಒಂದಾದ ಮೇಲೆ ಒಂದು ಮೂಗಿಗೇರಿಸಿ, ಕೊನೆಗೆ ರೈಲಿನ ಚೀಟಿಯ ಮೇಲಿನ ಸಣ್ಣ ಅಕ್ಷರ ಎದ್ದು ಬಂದು ಕಣ್ಣಿಗೆ ಕಟ್ಟಿದಾಗ, "ಇದೇ" ಎಂದರಂತೆ.

ಮಾರುವವರು ಕನ್ನಡಕವನ್ನು ತಗಡಿನ ಡಬ್ಬಿಗೆ ಹಾಕಿಕೊಡುತ್ತ ಹೇಳಿದ ಮಾತನ್ನು ಯಜಮಾನರು ಮನೆಗೆ ಬಂದು ನನಗೆ ಹಾಗೆಯೇ ಒಪ್ಪಿಸಿದರು. "ಒಣಗಿದ್ದನ್ನ ಒಣ ಬಟ್ಟೇಲಿ ತಿಕ್ಬ್ಯಾಡ್ರಿ ಗೌಡ್ರೆ, ಮೊದ್ಲು ನೀರು, ಆಮ್ಯಾಲೆ ಬಟ್ಟೆ. ಮೂಗಿನ ಮ್ಯಾಲೆ ಇಲ್ದಾಗ ಡಬ್ಬಿ ಒಳಗೆ ಇರ್ಲಿ. ಗಾಜಿನ ಮಖ ನೆಲಕ್ಕೆ ಮಾಡಿ ಮಾತ್ರ ಇಡ್ಬ್ಯಾಡ್ರಿ." ಮಾವನವರು ಅದಕ್ಕೆ "ಹ್ಞೂಂ" ಎಂದಿದ್ದರು. ಸರ್ಕಾರದ ಕಂದಾಯ ಎತ್ತುವವರು ಹೇಳುವ "ಹ್ಞೂಂ" ಬೇರೆ, ಕೇಳಿಸಿಕೊಂಡವರು ಹೇಳುವ "ಹ್ಞೂಂ" ಬೇರೆ. ಯಜಮಾನರಿಗೆ ಅದು ಗೊತ್ತಿದ್ದುದರಿಂದ, "ಸದರಿ ಕನ್ನಡಕದ ಉಸ್ತುವಾರಿ ನಿನ್ನದು" ಎಂದು ನನಗೆ ವಹಿಸಿ ಕಛೇರಿಗೆ ಹೊರಟುಹೋದರು.

ವಹಿಸಿದ್ದೇನೋ ಆಯಿತು, ಅಧಿಕಾರ ಸಿಗಲಿಲ್ಲ. ಮಾವನವರು ಪೂಜೆಗೆ ತೊಡುವುದನ್ನು ಸೊಸೆ ಮುಟ್ಟುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಕನ್ನಡಕ ಬಂದ ದಿನವೇ ಪೂಜೆಯ ಸಾಮಗ್ರಿಗಳ ಜೊತೆ ಸೇರಿತು. ಅದರ ಆರೈಕೆಯನ್ನು ಮಾವನವರೇ ಕೈಗೆತ್ತಿಕೊಂಡರು.

ಅವರ ಕ್ರಮವನ್ನು ಸ್ವಲ್ಪ ವಿವರವಾಗಿ ತಿಳಿಸಬೇಕಾಗಿದೆ, ಮುಂದಿನದೆಲ್ಲ ಅದರಿಂದಲೇ ಹುಟ್ಟಿದ್ದು. ಅವರು ಸ್ನಾನ ಮಾಡಿ, ದೀಪ ಹಚ್ಚಿ, ಬತ್ತಿ ಕುಗ್ಗಿದ್ದರೆ ಬೆರಳಿನಿಂದಲೇ ಮೇಲಕ್ಕೆ ಎಳೆಯುತ್ತಿದ್ದರು. ನಮ್ಮಲ್ಲಿ ದೀಪಕ್ಕೆ ಹರಳೆಣ್ಣೆ. ಆ ಬೆರಳುಗಳಿಂದಲೇ ವಿಭೂತಿ ತೇಯ್ದುಕೊಂಡು ಹಣೆಗೆ, ತೋಳಿಗೆ, ಎದೆಗೆ ಮೂರು ಮೂರು ಪಟ್ಟೆ ಎಳೆದು, ಕಡೆಯಲ್ಲಿ ಕನ್ನಡಕದ ಎರಡು ಗಾಜಿನ ಮೇಲೂ ಎಳೆಯುತ್ತಿದ್ದರು. "ಮಖದ ಮ್ಯಾಲೆ ಕುಂತದ್ದು ಮಖಾನೇ ಅಲ್ವೇನು? ಬರೀ ಹಣೇಲಿ ಅದನ್ನ ಯಾಕೆ ಇಡಾಣ?" ಎಂಬುದು ಅವರ ವಾದ. ಬಳಿಕ ಧೋತ್ರದ ಚುಂಗಿನಿಂದ ಎಡದಿಂದ ಬಲಕ್ಕೆ, ಎಡದಿಂದ ಬಲಕ್ಕೆ, ಅಡ್ಡಡ್ಡಲಾಗಿಯೇ ಒರೆಸುತ್ತಿದ್ದರು. ಜೀವಮಾನವೆಲ್ಲ ವಿಭೂತಿ ಎಳೆದ ಕೈ, ಬೇರೆ ದಿಕ್ಕಿಗೆ ತಿರುಗುತ್ತಲೇ ಇರಲಿಲ್ಲ. ಹೀಗೆ ದಿನವೂ ಎಣ್ಣೆ, ಅದರ ಮೇಲೆ ವಿಭೂತಿ, ಅದರ ಮೇಲೆ ಧೋತ್ರ. ನಾನು ಬಾಗಿಲ ಮರೆಯಲ್ಲಿ ನಿಂತು ನೋಡುತ್ತ, ಉಸ್ತುವಾರಿಯನ್ನು ಕಣ್ಣಿನಲ್ಲೇ ನಿರ್ವಹಿಸುತ್ತಿದ್ದೆ.

ಕಾರ್ತಿಕ ಮಾಸ ಬಂತು. ಮಾವನವರು ಓದುತ್ತಿದ್ದ ಕಥೆ, ಶಿವನು ತುದಿಯೂ ಬುಡವೂ ಕಾಣದ ಬೆಳಕಿನ ಕಂಬವಾಗಿ ನಿಂತದ್ದು. ಒಂದು ಸಂಜೆ ಕೇಳುವವರು ಇನ್ನೂ ಬಂದಿರಲಿಲ್ಲ. ಮಾವನವರು ಪುಟದಿಂದ ತಲೆ ಎತ್ತಿ ಪಕ್ಕದ ದೀಪವನ್ನು ನೋಡಿದವರು, ನೋಡಿದಂತೆಯೇ ಕುಳಿತುಬಿಟ್ಟರು.

"ಲೇ ಇವಳೇ, ಬಾರೇ ಇಲ್ಲಿ! ದೀಪ ನೋಡು, ದೀಪ!"

"ಏನಾಗೈತ್ರಿ ದೀಪಕ್ಕೆ? ಈಗಷ್ಟೇ ಎಣ್ಣೆ ಹುಯ್ದಿದ್ದೀನಿ."

"ಕಂಬ ಕಣೇ! ಬೆಳಕಿನ ಕಂಬ! ನೆಲದಿಂದ ಎದ್ದು ಜಂತೆ ದಾಟೈತೆ. ನಿಂಗೆ ಕಾಣಲ್ವಾ?"

"ನಂಗೆ ಕಾಣಾದು ಬತ್ತಿ. ಅದೂ ಕರಿ ಕಟ್ಟೈತೆ."

ಮಾವನವರು ಅಲ್ಲಿಯೇ ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸಿದರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ, ಆ ಮಾತು ಇಲ್ಲಿ ದಾಖಲಾಗಿರಲಿ. ಅವರ ಕಣ್ಣಿನಲ್ಲಿ ನೀರು ಬಂದಿತ್ತು. ಮಾರನೆಯ ಸಂಜೆಯೂ ಕಂಬ ಕಂಡಿತು, ಅದರ ಮಾರನೆಯ ಸಂಜೆಯೂ ಕಂಡಿತು. ಕನ್ನಡಕ ತೆಗೆದರೆ ಕಾಣುತ್ತಿರಲಿಲ್ಲ, ಆದರೆ ಕನ್ನಡಕ ತೆಗೆದರೆ ಅವರಿಗೆ ಪುಟದ ಮೇಲಿನ ಅಕ್ಷರವೂ ಕಾಣುತ್ತಿರಲಿಲ್ಲ. ಆದ್ದರಿಂದ ಕನ್ನಡಕದ ಮೇಲೆ ಯಾರಿಗೂ ಗುಮಾನಿ ಹೋಗಲಿಲ್ಲ.

ಸುದ್ದಿ ಊರಿನಲ್ಲಿ ಹರಡಿತು. ಊರು ದಾಟಿ, ಹೊಸದುರ್ಗದ ಕಡೆಗೆ ಹರಡಿತು. ಬಾಗೂರಿನಿಂದ ಗಾಡಿ ಕಟ್ಟಿಕೊಂಡು ಜನ ಬಂದರು. ಬಂದವರು ಮಾವನವರ ಕಾಲಿಗೆ ಬೀಳುವುದು, ಅವರ ಪಕ್ಕದಲ್ಲಿ ಕುಳಿತು ದೀಪವನ್ನು ಕಣ್ಣು ನೋಯುವಷ್ಟು ನೋಡುವುದು, ಬತ್ತಿಯಲ್ಲದೆ ಬೇರೇನೂ ಕಾಣದೆ, "ನಮಗೆಲ್ಲಿ ಆ ಪುಣ್ಯ" ಎಂದು ಮಂಡಕ್ಕಿ ತಿಂದು ಹೋಗುವುದು. ಮಂಡಕ್ಕಿಗೆ ಒಗ್ಗರಣೆ ಹಾಕುತ್ತ ಅತ್ತೆಯವರು ಹೇಳಿದ್ದು ನನಗೆ ಇಂದಿಗೂ ನೆನಪಿದೆ. "ಬೆಳಕು ಕಂಡೋರು ಒಬ್ಬರು, ಹೊಗೆ ಕುಡಿಯೋರು ನಾವಿಬ್ರು."

ಎದುರು ಮನೆಯ ಚಿಕ್ಕಮಾವನವರು ಮಾತ್ರ ಎರಡೂ ಹೊತ್ತು ಹಾಜರಿರುತ್ತಿದ್ದರು. ಅವರಿಗೂ ಬತ್ತಿಯೇ ಕಾಣುತ್ತಿತ್ತು, ಆದರೆ ಅವರು ಅದಕ್ಕಿಂತ ಮುಂದಿನದನ್ನು ನೋಡುತ್ತಿದ್ದರು. ನನ್ನ ಯಜಮಾನರು ಸರ್ಕಾರಿ ನೌಕರಿಯಲ್ಲಿ ಇದ್ದುದರಿಂದ ಪಟೇಲಿಕೆ ನಡೆಸುವಂತಿರಲಿಲ್ಲ. ಮಾವನವರು ಬಿಟ್ಟರೆ ಅದು ಸೀದಾ ಎದುರು ಮನೆಗೆ ಹೋಗುತ್ತಿತ್ತು.

"ಅಣ್ಣಾ, ಶಿವ ಇಷ್ಟು ಗಟ್ಟಿಯಾಗಿ ಕರೀತಾ ಇರ್ಬೇಕಾದ್ರೆ, ಕೊಯ್ಲೈತೆ ಕಣ ಐತೆ ಅಂತ ಮನೇಲಿ ಕುಂತ್ಕಂಡ್ರೆ ಆಗ್ತದೇನು? ಮಠಕ್ಕೆ ಹೋಗಿ ಇದ್ದುಬಿಡು. ಊರಿನ ಉಸಾಬರಿ ನಾನು ನೋಡ್ಕಂತೀನಿ. ನಿಂಗೋಸ್ಕರ ಅಷ್ಟೂ ಮಾಡ್ದಿದ್ರೆ ತಮ್ಮ ಅಂತ ಯಾಕೆ ಹುಟ್ಟಿದೆ ನಾನು?"

"ನಿನ್ನ ಅತ್ತಿಗೆ?"

"ಅತ್ಗೆಮ್ಮಂಗೇನು, ಮಗ ಅವ್ನೆ, ಸೊಸೆ ಅವ್ಳೆ, ಮೊಮ್ಮಗ ಅವ್ನೆ. ಅವ್ರೇ ನಿನ್ನ ಕಳ್ಸಿಕೊಡ್ತಾರೆ, ಕೇಳ್ನೋಡು."

ಹೀಗೆ ದಿನವೂ ಕಿವಿಗೆ ಬಿದ್ದದ್ದು ಮನಸ್ಸಿಗೂ ಇಳಿದು, ಬರುವ ಸೋಮವಾರ ಮಠಕ್ಕೆ ಹೊರಟು ಇನ್ನು ಅಲ್ಲಿಯೇ ನೆಲೆಸುವುದೆಂದು ಮಾವನವರು ತೀರ್ಮಾನ ಮಾಡಿದರು. ಜನ ಜಯಕಾರ ಹಾಕಿದರು. ಅತ್ತೆಯವರು ಎಲ್ಲರ ಎದುರು, "ಹೋಗ್ಲಿ ಬಿಡ್ರಿ, ಒಂದು ಮುದ್ದೆ ಉಳೀತು" ಎಂದರು. ಆದರೆ ಆ ದಿನದಿಂದ ಅವರು ಸಾರಿಗೆ ಎರಡೆರಡು ಸಲ ಉಪ್ಪು ಹಾಕತೊಡಗಿದರು. ಬೀಸುವ ಕಲ್ಲಿನ ಎದುರು ಕುಳಿತಾಗ, ಕಲ್ಲಿನ ಸದ್ದಿನ ಒಳಗೆ ಮುಚ್ಚಿಟ್ಟು, ನನಗೆ ಮಾತ್ರ ಕೇಳುವಂತೆ ಹೇಳಿದರು:

"ಕಣ್ಣು ಕಾಣ್ಲಿ ಅಂತ ಕನ್ನಡಕ ತಂದ್ರೆ, ಅವ್ರಿಗೆ ನಾನೇ ಕಾಣ್ದಂಗಾದೆ ನೋಡವ್ವ."

ನಾನು ಕಲ್ಲಿಗೆ ರಾಗಿ ಹಾಕುತ್ತ ಹೋದೆ.

ಸೋಮವಾರಕ್ಕೆ ಇನ್ನೂ ಮೂರು ದಿನವಿರುವಾಗ, ಸಂಜೆಯ ಓದು ಮುಗಿಸಿದ ಮಾವನವರು ಕನ್ನಡಕವನ್ನು ಪೀಠದ ಮೇಲೆ ಗಾಜಿನ ಮುಖ ಕೆಳಗಾಗಿ ಮಗುಚಿಟ್ಟು ಹಿತ್ತಲಿಗೆ ಹೋದರು. ಉಸ್ತುವಾರಿ ನನ್ನದೆಂಬುದು ನೆನಪಾಯಿತು. ಪದ್ಧತಿ ಬದಿಗಿರಲಿ ಎಂದು, ತಂತಿಯನ್ನು ಎರಡು ಕೈಯಿಂದ ಹಿಡಿದು ಮೇಲೆತ್ತಿದೆ. ಗಾಜಿನ ಮೇಲೆ ಹಾಲು ಕೆನೆ ಕಟ್ಟಿದಂತೆ ಒಂದು ಪೊರೆ ಇತ್ತು. ಓರೆಯಾಗಿ ಹಿಡಿದರೆ ಪೊರೆಯ ತುಂಬ ಅಡ್ಡಡ್ಡ ಗೆರೆಗಳು, ಉತ್ತ ಹೊಲದ ಸಾಲುಗಳಂತೆ. ಇದರಲ್ಲಿ ಮಾವನವರಿಗೆ ಅಕ್ಷರವಾದರೂ ಹೇಗೆ ಕಾಣುತ್ತದೆ ಎಂದು ತಿಳಿಯಲು, ನನ್ನ ಮೂಗಿಗೆ ಏರಿಸಿ ದೀಪದ ಕಡೆ ತಿರುಗಿದೆ.

ಕಂಬ ನಿಂತಿತ್ತು. ದೀಪದ ಕುಡಿಯಿಂದ ಮೇಲಕ್ಕೂ ಕೆಳಕ್ಕೂ ನೆಟ್ಟಗೆ, ಹೊಂಬಣ್ಣದ ಬೆಳಕು.

ನನ್ನ ಮೈ ಬೆವರಿತು. ಆಗ ನನಗೆ ಮೊದಲು ಬಂದ ಯೋಚನೆ ಭಕ್ತಿಯದಾಗಿತ್ತು ಎಂದು ಬರೆಯಲು ಇಷ್ಟವಿದ್ದರೂ, ವಾಸ್ತವಾಂಶ ಬೇರೆ. ಮುದ್ದೆಗೆ ಎಸರು ಇಟ್ಟು ಬಂದಿದ್ದೆ, ತೊಟ್ಟಿಲಲ್ಲಿ ಮಗು ಇತ್ತು. ನನ್ನನ್ನೂ ಸೋಮವಾರದ ಗಾಡಿಗೆ ಹತ್ತಿಸಿದರೆ ಎಸರು ಇಳಿಸುವವರು ಯಾರು ಎಂಬುದೇ ನನ್ನ ಮೊದಲ ಯೋಚನೆ. ಗಾಬರಿಯಿಂದ ಹೊರಗೆ ನೋಡಿದೆ. ಅಂಗಳದ ಲಾಟೀನಿನಲ್ಲೂ ಒಂದು ಕಂಬ. ಕೊಟ್ಟಿಗೆಯ ಬಾಗಿಲಲ್ಲಿ ಚಿಲುಮೆ ಸೇದುತ್ತಿದ್ದ ಆಳಿನ ಬಾಯಿಯ ಎದುರಿಗೂ ಒಂದು ಕೆಂಪು ಕಂಬ. ಅವನು ಕೆಮ್ಮಿದಾಗ ಕಂಬವೂ ಕೆಮ್ಮಿತು. ಅಲ್ಲಿಗೆ ನನ್ನ ಬೆವರು ಆರಿತು.

ಅಡಿಗೆಮನೆಗೆ ಓಡಿ, ಮಾತಾಡದೆ ಅತ್ತೆಯವರ ಮೂಗಿಗೆ ಕನ್ನಡಕ ಏರಿಸಿದೆ.

"ಏನೇ ಇದು, ಮೂಗಿಗೆ ನೊಗ ಹೂಡ್ದಂಗೆ..." ಎನ್ನುತ್ತಿದ್ದವರು ಗೂಡಿನ ದೀಪ ನೋಡಿದರು. ಕೈಯಲ್ಲಿದ್ದ ಮುದ್ದೆಕೋಲನ್ನು ಹಾಗೆಯೇ ಹಿಡಿದುಕೊಂಡು ಎರಡೂ ಕೈ ಜೋಡಿಸಿದರು. ಸ್ವಲ್ಪ ಹೊತ್ತಾದ ಮೇಲೆ, ಕನ್ನಡಕ ಜಾರಿದ್ದರಿಂದಲೋ ಏನೋ, ಅವರ ತಲೆ ಒಂದು ಕಡೆಗೆ ವಾಲಿತು. ನೆಟ್ಟಗಾಯಿತು. ಮತ್ತೆ ಬೇಕೆಂದೇ ವಾಲಿತು.

"ಲೇ ಹುಡುಗಿ, ನಾನು ವಾಲಿದ್ರೆ ವಾಲ್ತಾನೆ, ನೆಟ್ಟಗಾದ್ರೆ ನೆಟ್ಟಗಾಗ್ತಾನೆ. ಇಷ್ಟು ವರ್ಷಕ್ಕೆ ಗಂಡನೇ ನನ್ನ ಮಾತು ಕೇಳಿಲ್ಲ, ಶಿವ ಇಷ್ಟು ಬೇಗ ಕೇಳ್ತಾನಾ?"

ಕನ್ನಡಕ ಕಳಚಿ ಗಾಜನ್ನು ಮೂಸಿ ನೋಡಿದರು. "ಹರಳೆಣ್ಣೆ!" ಎಂದರು. ಅವರ ಮುಖದಲ್ಲಿ ಅನೇಕ ದಿನಗಳಿಂದ ಕಾಣದಿದ್ದ ಕಳೆ ಬಂತು.

"ಮಾವನೋರಿಗೆ ಹೇಳಾಣ ಅತ್ತೆ."

"ಹೇಳಿದ್ರೆ, ಹೆಂಗಸ್ರಿಗೆ ಭಕ್ತಿ ಇಲ್ಲ ಅಂತಾರೆ. ತೊಳಿ ನೀನು. ಮಾತಾಡ್ದಂಗೆ ತೊಳಿ."

ತೊಳೆಯುವುದಕ್ಕೆ ಅವರು ನನ್ನ ಮುಂದೆ ತಂದಿಟ್ಟದ್ದು ಒಲೆಯ ಬೂದಿ ಮತ್ತು ಹುಣಸೆಹಣ್ಣು. "ಚೆನ್ನಾಗಿ ತಿಕ್ಕು, ಚೊಂಬಿನಂಗೆ ಫಳಫಳ ಅಂತೈತೆ." ನಾನು, "ಚೊಂಬಿನೊಳಗಿಂದ ಯಾರೂ ಪುರಾಣ ಓದಲ್ಲ ಅತ್ತೆ" ಎಂದು ಬೂದಿಯನ್ನು ಹಿಂದಕ್ಕೆ ಸರಿಸಿದೆ. ತಲೆಗೆಂದು ನೆನೆಹಾಕಿದ್ದ ಅಂಟುವಾಳದ ಕಾಯಿಯನ್ನು ಕಿವುಚಿ, ತಿರುಳಿನ ಚೂರು ಬಾರದಂತೆ ಬಟ್ಟೆಯಲ್ಲಿ ಸೋಸಿ, ನೊರೆಯನ್ನು ಮಾತ್ರ ತೆಗೆದುಕೊಂಡೆ. ಹಂಡೆಯ ಬಿಸಿನೀರು ಬೇಡವೆಂದು ಕೊಡದ ತಣ್ಣೀರನ್ನು ಗಾಜಿನ ಮೇಲೆ ಸುರಿದು, ಬಿಡಿಯಾಗಿದ್ದ ವಿಭೂತಿಯ ಹರಳು ಹರಿದುಹೋಗಲು ಬಿಟ್ಟೆ. ಆಮೇಲೆ ನೊರೆಯನ್ನು ಬೆರಳ ತುದಿಯಿಂದ ಗಾಜಿನ ಎರಡು ಬದಿಗೂ, ಮಗುವಿನ ರೆಪ್ಪೆ ತೊಳೆದಂತೆ, ಸುತ್ತಿ ಸುತ್ತಿ ಸವರಿದೆ. ಮೂಗಿನ ಮೇಲೆ ಕೂರುವ ತಂತಿಯ ಸಂದಿನಲ್ಲಿ ಸಾರಿಗೆ ಹಾಕುವಷ್ಟು ವಿಭೂತಿ ಸಿಕ್ಕಿತು. ಮತ್ತೆ ನೀರು ಹುಯ್ದು, ಕೊಡವಿ, ಮಗುವಿನ ಹಳೆಯ ಮೆತ್ತನೆಯ ಕುಲಾವಿಯಿಂದ ತಿಕ್ಕದೆ ಒತ್ತಿ ಒತ್ತಿ ತೇವ ತೆಗೆದೆ. ಬೆಳಕಿಗೆ ಹಿಡಿದಾಗ ಗಾಜು ಇದೆಯೋ ಇಲ್ಲವೋ ಎಂಬಂತಿತ್ತು. ವಿಭೂತಿ ಎಳೆದ ನವಿರಾದ ಗೀರು ಎರಡು ಮೂರು ಉಳಿದವು. ಅವು ನೀರಿಗೆ ಹೋಗುವಂಥವಲ್ಲ. ತೋಳುಗಳನ್ನು ಮಡಿಸಿ, ಡಬ್ಬಿಗೆ ಹಾಕಿ, ಪೂಜೆಯ ಗೂಡಿನಲ್ಲಿ ಇಟ್ಟೆ.

ಇದರಿಂದ ಸಂಗತಿ ಫೈಸಲಾಗುವುದೆಂದು ನಾವಿಬ್ಬರೂ ನಂಬಿದ್ದೆವು. ಆದದ್ದು ತದ್ವಿರುದ್ಧ.

ಮಾರನೆಯ ಬೆಳಿಗ್ಗೆ ಮಾವನವರು ಪ್ರಯಾಣದ ಸಂಗತಿಗೆಂದು ಊರ ಹಿರಿಯರನ್ನು ಕಾಣಲು ಹೊರಟಿದ್ದರಿಂದ, ಅವಸರದಲ್ಲಿ ಕನ್ನಡಕದ ವಿಭೂತಿ ತಪ್ಪಿತು. ಸಂಜೆ ಪುಸ್ತಕ ತೆರೆದು, "ಅಕ್ಷರ ಇವತ್ತು ಮುತ್ತಿನಂಗವೆ" ಎಂದು ಮೊದಲು ಸಂತೋಷಪಟ್ಟರು. ಬಳಿಕ ದೀಪದ ಕಡೆ ನೋಡಿದರು. ಕಂಬ ಇರಲಿಲ್ಲ. ಒಂದು ಬತ್ತಿ, ಅದರ ತುದಿಯಲ್ಲಿ ಬೇಳೆಯಷ್ಟು ಉರಿ. ಕನ್ನಡಕ ತೆಗೆದು ಹಾಕಿದರು, ಕಣ್ಣು ಉಜ್ಜಿಕೊಂಡರು, ಮತ್ತೆ ನೋಡಿದರು. ಅವರ ಮುಖ ಮಗುವಿನ ಕೈಯಿಂದ ಬೆಲ್ಲ ಕಸಿದಂತಾಯಿತು.

"ಹೋದ ತಮ್ಮಾ. ಶಿವ ಹೋದ."

ಚಿಕ್ಕಮಾವನವರು ಒಂದು ಗಳಿಗೆಯನ್ನೂ ವ್ಯರ್ಥ ಮಾಡಲಿಲ್ಲ. "ಹೋಗ್ದೆ ಏನ್ಮಾಡ್ತಾನೆ ಅಣ್ಣಾ? ಸೋಮವಾರ ಬರ್ತೀನಿ, ಮಂಗಳವಾರ ಬರ್ತೀನಿ ಅಂತ ವಾಯಿದೆ ಹಾಕಕ್ಕೆ ಶಿವ ಏನು ಅಮಲ್ದಾರನಾ? ಮುನಿಸ್ಕಂಡ. ತಡ ಮಾಡ್ಬ್ಯಾಡ, ನಾಳೆ ಹೊತ್ತಿಳಿದ ಕೂಡ್ಲೇ ಹೊರಟ್ಬಿಡಾಣ. ಗಾಡಿ ನಂದೇ ಹೂಡ್ತೀನಿ. ಬೆಳದಿಂಗಳು ಐತೆ, ತಂಪಿಗೆ ತಂಪು."

ಹೀಗೆ ನಾವು ಮಾಡಿದ ಶುಚಿಯಿಂದಾಗಿ, ಸೋಮವಾರದ ಪ್ರಯಾಣ ಭಾನುವಾರಕ್ಕೆ ಬಂದು ಕೂತಿತು. ಅಡಿಗೆಮನೆಯಲ್ಲಿ ಅತ್ತೆಯವರು ನನ್ನನ್ನು ನೋಡಿದರು, ನಾನು ಅತ್ತೆಯವರನ್ನು ನೋಡಿದೆ. "ಚೆನ್ನಾಗಿ ತೊಳೆದೆ ಕಣವ್ವ" ಎಂದರು.

ಭಾನುವಾರ ಹೊತ್ತಿಳಿಯುವ ವೇಳೆಗೆ ಬಾಗಿಲ ಮುಂದೆ ಗಾಡಿ ನಿಂತಿತ್ತು. ಜಗಲಿಯ ತುಂಬ ಜನ. ಚಿಕ್ಕಮಾವನವರು ಹೊಸ ರುಮಾಲು ಸುತ್ತಿ, ಆಗಲೇ ಪಟೇಲರಂತೆ ಕೆಮ್ಮುತ್ತಿದ್ದರು. ಮಾವನವರು ದೇವರಿಗೆ ನಮಸ್ಕರಿಸಲು ಪೂಜೆಯ ಕೋಣೆಗೆ ಬಂದರು. ಅತ್ತೆಯವರು ಮೊದಲೇ ಅಲ್ಲಿ ಕುಳಿತಿದ್ದರು. ನಾನು ಬಾಗಿಲ ಮರೆಯಲ್ಲಿ ಇದ್ದೆ.

"ಕನ್ನಡಕ ಕೊಡ್ರಿ ಇಲ್ಲಿ."

"ಯಾಕೆ?"

"ಹೊರಡೋರ ಹಣೆಗೆ ವಿಭೂತಿ ಹಚ್ಚಿ ಕಳಿಸ್ಬೇಕಲ್ರಿ. ಕನ್ನಡಕನೂ ನಿಮ್ಮ ಜೊತೆ ಹೊರಟೈತೆ. ಅದಕ್ಕೂ ಹಚ್ತೀನಿ."

ಅತ್ತೆಯವರು ಬತ್ತಿಯನ್ನು ಬೆರಳಿನಿಂದ ಮೇಲಕ್ಕೆ ಎಳೆದರು. ಅದೇ ಬೆರಳಿಗೆ ವಿಭೂತಿ ತೆಗೆದುಕೊಂಡು ಎರಡು ಗಾಜಿನ ಮೇಲೂ ಮೂರು ಪಟ್ಟೆ ಎಳೆದರು. ಸೆರಗಿನಿಂದ ಎಡದಿಂದ ಬಲಕ್ಕೆ, ಎಡದಿಂದ ಬಲಕ್ಕೆ ಒರೆಸಿದರು. ತಾವೇ ಗಂಡನ ಕಿವಿಗೆ ಸಿಕ್ಕಿಸಿದರು.

"ಈಗ ದೀಪ ನೋಡ್ರಿ."

ಮಾವನವರು ನೋಡಿದರು. "ಬಂದ!" ಎಂದು ಕೂಗಲು ಬಾಯಿ ತೆರೆದರು.

"ಬರ್ಲಿ. ಈಗ ಸ್ವಲ್ಪ ತಲೆ ವಾಲಿಸ್ರಿ. ಹಂಗೆ. ಈ ಕಡೀಕೆ. ಈಗ ಆ ಕಡೀಕೆ."

ತೆರೆದ ಬಾಯಿ ತೆರೆದೇ ಉಳಿಯಿತು. ತಲೆ ಈ ಕಡೆ ವಾಲಿತು, ಆ ಕಡೆ ವಾಲಿತು. ಮಾವನವರು ಕನ್ನಡಕ ತೆಗೆದು ಗಾಜನ್ನು ಬಹಳ ಹೊತ್ತು ನೋಡಿದರು. ಜಗಲಿಯಲ್ಲಿ ಊರಿಗೆ ಊರೇ ಕೂತಿದೆ. ಇಂಥ ಹೊತ್ತಿನಲ್ಲಿ ಗಂಡಸು ನಾಚಿಕೆಯನ್ನು ಮುಚ್ಚಲು ಸಿಟ್ಟನ್ನು ಹೊದೆಯುತ್ತಾನೆ. ಸಿಟ್ಟಿನಲ್ಲಿ ಗಾಡಿ ಹತ್ತಿದರೆ ಇಳಿಸುವುದು ಶಿವನಿಂದಲೂ ಆಗದು.

ಅವರು ಹೆಬ್ಬೆರಳನ್ನು ಗಾಜಿಗೆ ಒತ್ತಿ, ಅಡ್ಡ ಅಲ್ಲ, ಮೇಲಿನಿಂದ ಕೆಳಕ್ಕೆ ಎಳೆದರು. ಜೀವಮಾನದಲ್ಲಿ ಮೊದಲ ಸಲ ಆ ಕೈ ಬೇರೆ ದಿಕ್ಕಿಗೆ ತಿರುಗಿದ್ದನ್ನು ಕಂಡೆ. ಮತ್ತೆ ಕನ್ನಡಕ ಹಾಕಿಕೊಂಡು ದೀಪ ನೋಡಿದರು. ಅವರ ಭುಜ ಅಲುಗತೊಡಗಿತು.

"ಅಳ್ಬ್ಯಾಡ್ರಿ" ಎಂದರು ಅತ್ತೆಯವರು, ಈಗ ನಿಜವಾಗಿ ಹೆದರಿ.

"ಮಲಗವ್ನೆ ಕಣೇ!"

"ಯಾರು?"

"ನಿಂತಿದ್ನಲ್ಲ, ಅವನು! ಗ್ವಾಡೆಯಿಂದ ಗ್ವಾಡೆಗೆ ಉದ್ದಕ್ಕೆ ಮಲಗವ್ನೆ. ಪಾಪ, ನಿಂತು ನಿಂತು ಕಾಲು ನೋವು ಬಂದಿತ್ತೇನೋ!"

ಅವರು ಅಳುತ್ತಿರಲಿಲ್ಲ, ನಗುತ್ತಿದ್ದರು. ಹೊರಗೆ ಕೇಳಿಸದಂತೆ ಧೋತ್ರದ ಚುಂಗನ್ನು ಬಾಯಿಗೆ ತುರುಕಿಕೊಂಡು ನಕ್ಕರು. ಅತ್ತೆಯವರು ಸೆರಗು ತುರುಕಿಕೊಂಡರು. ಆ ಇಬ್ಬರು ಮುದುಕರು ದೇವರ ಮುಂದೆ ಕುಳಿತು ನಕ್ಕ ನಗುವಿಗೆ ತಕ್ಕ ಮಾತು, ನಾನು ಒಲೆಗೆ ಹಾಕಿದ ಯಾವ ಕರಡಿನಲ್ಲೂ ನನಗೆ ದೊರೆತಿಲ್ಲವಾದ್ದರಿಂದ, ಅದನ್ನು ಬರೆಯದೆ ಬಿಟ್ಟಿದ್ದೇನೆ.

ನಗು ನಿಂತ ಮೇಲೆ ಮಾವನವರು, "ಹೊರಗೆ ಜನ ಐತಲ್ಲೇ. ಏನಂತ ಹೇಳ್ಲಿ?" ಎಂದರು.

"ನೀವೇನೂ ಹೇಳ್ಬ್ಯಾಡ್ರಿ. ನಿಮ್ಮ ತಮ್ಮಂಗೆ ತೋರ್ಸ್ರಿ, ಅವನೇ ಹೇಳ್ತಾನೆ."

ಮಾವನವರ ಕಣ್ಣು ಮಿಂಚಿತು. ಅವರು ಬತ್ತಿ ಎಳೆದು, ವಿಭೂತಿ ತೆಗೆದು, ಗಾಜಿಗೆ ಈ ಸಲ ಧಾರಾಳವಾಗಿಯೇ ಹಚ್ಚಿ, ಪದ್ಧತಿಯ ಪ್ರಕಾರ ಅಡ್ಡ ಒರೆಸಿ, ದೀಪವನ್ನು ಕೈಯಲ್ಲಿ ಹಿಡಿದು ಜಗಲಿಗೆ ನಡೆದರು. ಕಿಟಕಿಯ ಸಂದಿನಿಂದ ನಾನೂ ಅತ್ತೆಯವರೂ ಒಂದರ ಮೇಲೊಂದು ತಲೆ ಇಟ್ಟು ನೋಡಿದೆವು.

"ತಮ್ಮಾ, ಇಷ್ಟು ದಿನ ನನ್ನ ಮಗ್ಗುಲಲ್ಲೇ ಕುಂತಿದ್ದಿ. ನಿಂಗೆ ಕಾಣಲಿಲ್ಲ ಅನ್ನಾದೇ ನಂಗೆ ಸಂಕಟ. ನನ್ನ ಕನ್ನಡಕ ಹಾಕ್ಕಂಡು ಒಂದ್ಸಲ ನೋಡು."

"ನಂಗೆಲ್ಲಿ ಕಾಣ್ತೈತೆ ಅಣ್ಣಾ, ಅದಕ್ಕೆ ನಿನ್ನಂಥ ಪುಣ್ಯಾತ್ಮ ಆಗ್ಬೇಕು..." ಎನ್ನುತ್ತಲೇ ಚಿಕ್ಕಮಾವನವರು ಕನ್ನಡಕ ಹಾಕಿಕೊಂಡು ದೀಪದ ಕಡೆ ತಿರುಗಿದರು. ಆಮೇಲೆ ಊರ ಬಾಗಿಲಿಗೆ ಕೇಳುವಂತೆ ಕೂಗಿದರು. "ಶಿವನೇ! ಅಣ್ಣಾ! ಕಂಬ! ಕಂಡ್ತು ಅಣ್ಣಾ, ನಂಗೂ ಕಂಡ್ತು!"

"ಕಂಡ್ತಾ? ನೆಟ್ಟಗೆ ಕಂಡ್ತಾ?"

"ತೆಂಗಿನ ಮರದಂಗೆ ನೆಟ್ಟಗೈತೆ!"

"ಕೇಳಿದ್ರೇನ್ರಪ್ಪ ಎಲ್ಲರೂ?" ಎಂದು ಮಾವನವರು ಜನರ ಕಡೆ ತಿರುಗಿದರು. "ನನ್ನ ಬಿಟ್ಟು ಹೋದ ಶಿವ, ನನ್ನ ತಮ್ಮನ್ನ ಹುಡುಕ್ಕಂಡು ಬಂದವ್ನೆ. ಏಳು ತಮ್ಮಾ. ಗಾಡಿ ನಿಂದೇ, ಎತ್ತೂ ನಿಂದೇ. ಹತ್ತು."

"ಎಲ್ಲಿಗೆ?"

"ಮಠಕ್ಕೆ! ಇನ್ನೆಲ್ಲಿಗೆ?"

ಚಿಕ್ಕಮಾವನವರ ರುಮಾಲು ಸಡಿಲವಾಯಿತು. "ಅಲ್ಲಣ್ಣಾ... ಜೋಳ ತೆನೆ ಬಂದೈತೆ. ಕಣ ಸಾರಿಸಬೇಕು. ಎರಡನೆಯೋಳಿಗೆ ಗಂಡು ನೋಡ್ತಾ ಇದ್ದೀನಿ..."

"ಶಿವ ಇಷ್ಟು ಗಟ್ಟಿಯಾಗಿ ಕರೀತಾ ಇರ್ಬೇಕಾದ್ರೆ, ಕೊಯ್ಲೈತೆ ಕಣ ಐತೆ ಅಂತ ಕುಂತ್ಕಂಡ್ರೆ ಆಗ್ತದೇನು? ಮೊನ್ನೆ ನೀನೇ ಹೇಳ್ದಲ್ಲ. ನಿನ್ನ ಮನೆ ಉಸಾಬರಿ ನಾನು ನೋಡ್ಕಂತೀನಿ. ನಿಂಗೋಸ್ಕರ ಅಷ್ಟೂ ಮಾಡ್ದಿದ್ರೆ ಅಣ್ಣ ಅಂತ ಯಾಕೆ ಹುಟ್ಟಿದೆ ನಾನು?"

"ಅಣ್ಣಾ, ನಂಗೆ... ಕಣ್ಣಲ್ಲಿ ನೀರು ಬಂದಿತ್ತು. ಸರಿಯಾಗಿ ಕಾಣ್ಲಿಲ್ಲ ಅನ್ಸುತ್ತೆ."

ಜಗಲಿಯ ಮೂಲೆಯಿಂದ ಒಬ್ಬ ಅಜ್ಜಿ, "ಈಗ ತೆಂಗಿನ ಮರ ಅಂದ್ಯಲ್ಲೋ! ಅಷ್ಟರಾಗೆ ಕಡಿದು ಹಾಕಿದ್ಯಾ?" ಎಂದಳು. ಜನ ನಗಲು ಮೊದಲಾದರು. ಏಕೆ ನಗುತ್ತಿದ್ದೇವೆ ಎಂಬುದು ಅವರಿಗೆ ಇನ್ನೂ ತಿಳಿದಿರಲಿಲ್ಲ. ತಿಳಿಸಿದವರು ಮಾವನವರೇ. ದೀಪ ಕೆಳಗಿಟ್ಟು, ಕನ್ನಡಕ ಹಿಡಿದು, ಎಣ್ಣೆ, ವಿಭೂತಿ, ಧೋತ್ರ, ಎಲ್ಲವನ್ನೂ ಇದ್ದದ್ದು ಇದ್ದಂತೆ ಎಲ್ಲರ ಮುಂದೆ ಹೇಳಿದರು. ನನಗೆ ಅವರ ಮೇಲೆ ಗೌರವ ಹೆಚ್ಚಿದ್ದು ಆ ಕ್ಷಣ. ಕಂಬ ಕಂಡಾಗಲೂ ಅಷ್ಟು ಹೆಚ್ಚಿರಲಿಲ್ಲ. "ಬೆಳಕು ಶಿವಂದೇ, ಅದರಾಗೆ ಅನುಮಾನ ಇಲ್ಲ. ಕಂಬ ಮಾತ್ರ ನಂದು" ಎಂದರು.

ಆಮೇಲೆ ಜಗಲಿಯಲ್ಲಿ ಮಹಜರು ನಡೆಯಿತು. ಒಬ್ಬೊಬ್ಬರೂ ಕನ್ನಡಕ ಹಾಕಿಕೊಂಡು ನಿಂತ ಕಂಬ, ಮಲಗಿದ ಕಂಬ, ಓರೆ ಕಂಬ ನೋಡಿದರು. ಬಾಗೂರಿನಿಂದ ಬಂದವರು, "ಇಷ್ಟು ದೂರ ಬಂದದ್ದಕ್ಕೆ ನಾವೂ ನೋಡ್ದಂಗಾತು" ಎಂದು ಸಮಾಧಾನಪಟ್ಟರು. ಎತ್ತುಗಳನ್ನು ನೊಗದಿಂದ ಬಿಚ್ಚಿದರು. ಚಿಕ್ಕಮಾವನವರು ರುಮಾಲು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ನಡೆದರು. ಅತ್ತೆಯವರು ಆ ಹೊತ್ತು ಬಡಿಸಿದ ಸಾರಿಗೆ ಉಪ್ಪು ಸರಿಯಾಗಿತ್ತು.

ಊಟ ಮಾಡಿ ಎದ್ದ ಮಾವನವರು, ಅಡಿಗೆಮನೆಯ ಹೊಸ್ತಿಲ ಹೊರಗೆ ನಿಂತು, ಮೊದಲ ಸಲ ನನ್ನನ್ನು ಉದ್ದೇಶಿಸಿ ಮಾತಾಡಿದರು. "ತಂಗೀ, ಇವತ್ತಿಂದ ಇದರ ಜವಾಬ್ದಾರಿ ನಿಂದು. ನೀನು ತೊಳ್ದು ಕೊಟ್ರೇನೇ ನಾನು ಹಾಕ್ಕಳಾದು." ಹೀಗೆ ಅಧಿಕಾರ ನನಗೆ ವರ್ಗವಾಯಿತು. ಅವರು ಇರುವವರೆಗೆ, ಪ್ರತಿ ಬೆಳಿಗ್ಗೆ, ನೀರು ಮೊದಲು ಬಟ್ಟೆ ಆಮೇಲೆ ಎಂಬ ಕ್ರಮ ತಪ್ಪಲಿಲ್ಲ. ಆದರೆ ಕಾರ್ತಿಕದ ಸೋಮವಾರ ಬಂತೆಂದರೆ, ಹೊಸ್ತಿಲ ಹೊರಗಿನಿಂದ ಮೆಲ್ಲನೆ, "ಇವತ್ತು ತೊಳೀಬ್ಯಾಡವ್ವ" ಎನ್ನುತ್ತಿದ್ದರು. ಸಂಜೆ ಪಡಸಾಲೆಯಲ್ಲಿ ತಾವೇ ಎಣ್ಣೆ ವಿಭೂತಿ ಹಚ್ಚಿ ದೀಪ ನೋಡುತ್ತ ಕೂರುತ್ತಿದ್ದರು. ಸ್ವಲ್ಪ ಹೊತ್ತಿಗೆ ಅತ್ತೆಯವರೂ ಹೋಗಿ, "ನಂಗೂ ಕೊಡ್ರಿ ಒಂದೀಟು" ಎಂದು ಕೈ ನೀಡುತ್ತಿದ್ದರು.

ಅದೇ ಕನ್ನಡಕ ಈಗ ನನ್ನ ಮೂಗಿಗೆ ಬಂದಿದೆ. ಗೀರುಗಳೂ ಅದರ ಜೊತೆಯಲ್ಲೇ ಬಂದಿವೆ. ಇದನ್ನು ಬರೆಯಲು ಕೂರುವ ಮುನ್ನ ಅದನ್ನು ಅಂಟುವಾಳದ ನೊರೆಯಲ್ಲಿ ತೊಳೆದು, ಒತ್ತಿ ಒಣಗಿಸಿ ಹಾಕಿಕೊಂಡಿದ್ದೇನೆ ಎಂಬುದನ್ನು ನನ್ನ ಸೊಸೆಯ ಗಮನಕ್ಕೆ ಈ ಮೂಲಕ ತರಲಾಗಿದೆ.

ಕೊನೆಯದಾಗಿ ಪ್ರಾರ್ಥನೆ. ಈ ಬರಹದಲ್ಲಿ ತಪ್ಪುಗಳು ಖಂಡಿತ ಇವೆ. ಕಂಡವರು ದಯಮಾಡಿ ಪಕ್ಕದಲ್ಲಿ ತಿದ್ದಿ, ನನಗೂ ತಿಳಿಸಬೇಕು. ಆದರೆ ಯಾವುದಾದರೂ ಅಕ್ಷರಕ್ಕೆ ಬೇಡದ ಬಾಲವೋ, ತಲೆಯ ಮೇಲೆ ಕಂಬವೋ ಕಂಡುಬಂದಲ್ಲಿ, ಮೊದಲು ತಮ್ಮ ಕನ್ನಡಕವನ್ನು ಒಮ್ಮೆ ತೊಳೆದು ನೋಡುವುದು. ತೊಳೆದ ಮೇಲೂ ಅದು ಅಲ್ಲಿಯೇ ನಿಂತಿದ್ದರೆ, ತಪ್ಪು ನನ್ನದೇ.